ಕೆಡದ ಸೆಟ್ಟಿನ ರಿಪೇರಿ

ವಾದ ಮಾಡುವ ಚಟ ನನಗೆ ಬೀಡಿಗಿಂತ ಮುಂಚೆ ಅಂಟಿತು; ಬೀಡಿ ಬಿಟ್ಟ ಮೇಲೂ ಅದು ಬಿಡಲಿಲ್ಲ. ಯಾರಾದರೂ ‘ಎಲ್ರಿಗೂ ಗೊತ್ತಿರೋ ವಿಷ್ಯ’ ಎಂದು ಮಾತು ಶುರು ಮಾಡಿದರೆ ಸಾಕು, ನನಗೆ ಮೈ ಉರಿಯುತ್ತಿತ್ತು. ಎಲ್ಲರಿಗೂ ಗೊತ್ತು ಅಂದರೆ ಯಾರೂ ಕಣ್ಣಾರೆ ನೋಡಿಲ್ಲ ಅಂತ ಲೆಕ್ಕ ಎಂದು ಎದುರು ಹೇಳಿಬಿಡುತ್ತಿದ್ದೆ. ಇಪ್ಪತ್ತಾರು ವರ್ಷದವನ ಬಾಯಲ್ಲಿ ಇಂಥ ಮಾತು ಕೇಳಿ ಹಿರಿಯರಿಗೆ ಸಿಟ್ಟು ಬರುತ್ತಿತ್ತು, ಅವರ ಸಿಟ್ಟು ನೋಡಿ ನನಗೆ ಖುಷಿಯಾಗುತ್ತಿತ್ತು. ಈಗ ನೆನೆದರೆ ನಾಚಿಕೆಯೂ ಆಗುತ್ತದೆ, ನಗುವೂ ಬರುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಮೈಕ್ ಸೆಟ್ ಅಂಗಡಿ ಇತ್ತು. ಚಿತ್ರದುರ್ಗದಲ್ಲಿ ಎರಡು ವರ್ಷ ಒಬ್ಬರ ಕೈಕೆಳಗೆ ರೇಡಿಯೋ ರಿಪೇರಿ ಕಲಿತು ಬಂದಿದ್ದೆ. ಬೆಳಗಿನ ಹೊತ್ತು ಊರವರ ರೇಡಿಯೋ ಬಿಚ್ಚಿಕೊಂಡು ಕೂರುವುದು, ಮದುವೆ, ನಾಟಕ, ಸಭೆ ಬಂದರೆ ಮೈಕ್ ಸೆಟ್ಟು ಹೊತ್ತುಕೊಂಡು ಹಳ್ಳಿಗೆ ಹೋಗುವುದು. ಮರದ ತುದಿಗೆ ಹಾರ್ನ್ ಕಟ್ಟಿ ಸಿನಿಮಾ ಹಾಡಿನ ಪ್ಲೇಟು ಹಾಕಿದರೆ ಎರಡು ಊರಿನಾಚೆಗೂ ಇಲ್ಲಿ ಮದುವೆ ಇದೆ ಎಂದು ಗೊತ್ತಾಗುತ್ತಿತ್ತು. ಆ ಹಾಡು ನಾನೇ ಹಾಡಿದ್ದೇನೋ ಎನ್ನುವಷ್ಟು ಜಂಬ ನನಗೆ.

ಅಪ್ಪ ಓಲಗ ಊದುವವನು. ನಮ್ಮೂರು ಹೊಳಲ್ಕೆರೆಯಿಂದ ನಾಲ್ಕು ಮೈಲಿ. ಅಲ್ಲಿಂದ ಸುತ್ತ ಏಳು ಊರಿನ ಮದುವೆಗಳಿಗೆ ನಮ್ಮ ಮನೆಯವರೇ ಓಲಗದವರು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಮದುವೆ ನಿಶ್ಚಯವಾದ ಮೇಲೆ ಮನೆಯ ಯಜಮಾನ ಎಲೆ ಅಡಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದು ವೀಳ್ಯ ಕೊಟ್ಟು ಕರೆಯಬೇಕು. ಆ ವೀಳ್ಯ ಬಂದ ದಿನ ಅಪ್ಪ ಪಂಚೆ ಬದಲಿಸಿ ಜಗುಲಿಯ ಮೇಲೆ ಕೂರುತ್ತಿದ್ದ. ಸುಗ್ಗಿಯಲ್ಲಿ ಕಣದಿಂದ ರಾಗಿ ಜೋಳ ಸಿಗುತ್ತಿತ್ತು, ನಿಜ. ಆದರೆ ರಾಗಿ ಕೊಡುವುದನ್ನು ಮರೆತವರನ್ನು ಅಪ್ಪ ಕ್ಷಮಿಸುತ್ತಿದ್ದ, ವೀಳ್ಯ ಕೊಡಲು ಆಳನ್ನು ಕಳಿಸಿದವರನ್ನು ಕ್ಷಮಿಸುತ್ತಿರಲಿಲ್ಲ.

ಆ ಹೊತ್ತಿಗಾಗಲೇ ಅಪ್ಪನಿಗೆ ಉಬ್ಬಸ ಹಿಡಿದು ಮೂರು ವರ್ಷವಾಗಿತ್ತು. ನನಗದು ಗೊತ್ತಿರಲಿಲ್ಲ. ನಾನು ಹೊಳಲ್ಕೆರೆಯಲ್ಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದೆ, ವಾರಕ್ಕೊಮ್ಮೆ ಊರಿಗೆ ಹೋದರೆ ಉಂಡು ವಾದ ಮಾಡಿ ವಾಪಸ್ ಬರುತ್ತಿದ್ದೆ. ಗೊತ್ತಿದ್ದವನು ಚಿಕ್ಕಪ್ಪ ಒಬ್ಬನೇ. ಅವನು ಡೋಲು ಬಾರಿಸುವವನು. ಅಪ್ಪನ ಉಸಿರು ಎಲ್ಲಿ ಕಡಿಯುತ್ತದೆ ಎಂದು ಅವನಿಗೆ ತಿಳಿಯುತ್ತಿತ್ತು. ಸರಿಯಾಗಿ ಅಲ್ಲಿಗೆ ಡೋಲನ್ನು ಜೋರು ಮಾಡಿ ತುಂಬಿಬಿಡುತ್ತಿದ್ದ. ಅಷ್ಟರಲ್ಲಿ ಅಪ್ಪ ಎದೆ ತುಂಬಿಕೊಂಡು ಮತ್ತೆ ಪೀಪಿಗೆ ಬಾಯಿ ಇಡುತ್ತಿದ್ದ. ಕೇಳಿದವರು ‘ಡೋಲಿನವನಿಗೆ ಈಚೀಚೆಗೆ ಹುರುಪು ಜಾಸ್ತಿ ಆಗೈತೆ’ ಅನ್ನುತ್ತಿದ್ದರಂತೆ. ಇಬ್ಬರೂ ಸೇರಿ ಇದನ್ನು ಮುಚ್ಚಿಟ್ಟಿದ್ದರು. ಉಸಿರು ಕಮ್ಮಿಯಾಯಿತು ಎಂದು ಊರಿಗೆ ತಿಳಿದರೆ ವೀಳ್ಯ ಬೇರೆಯವರ ಮನೆ ಬಾಗಿಲಿಗೆ ಹೋಗುತ್ತದೆ ಎನ್ನುವುದೊಂದೇ ಅಪ್ಪನ ಭಯ. ನನಗೆ ಹೇಳದೆ ಇದ್ದುದಕ್ಕೆ ಕಾರಣ ನನ್ನ ಬಾಯಿ. ಟೀ ಹೋಟೆಲಿನಲ್ಲಿ ವಾದಕ್ಕೆ ಬೇಕೆಂದರೆ ನಾನು ಮನೆಯ ಗುಟ್ಟನ್ನೂ ಹೊರಗೆ ಹಾಕುವವನು, ಅದು ಅವರಿಗೆ ಗೊತ್ತಿತ್ತು.

ಆ ಟೀ ಹೋಟೆಲು ನನ್ನ ಅಂಗಡಿಯ ಗೋಡೆಗೆ ಅಂಟಿಕೊಂಡಿತ್ತು. ಸಂಜೆ ಅಲ್ಲಿ ಕೂರುವವರಲ್ಲಿ ಇಬ್ಬರು ಖಾಯಂ. ಒಬ್ಬರು ರಿಟೈರಾದ ಕನ್ನಡ ಮೇಷ್ಟ್ರು. ಸಂಗೀತದ ವಿಷಯದಲ್ಲಿ ಅವರದೇ ಕೊನೆಯ ಮಾತು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಇನ್ನೊಬ್ಬ ಶೇಂಗಾ ಮಂಡಿಯ ಗುಮಾಸ್ತ, ರಾಜಕೀಯ ಬಿಟ್ಟರೆ ಬೇರೆ ಮಾತು ಬಾರದವನು. ತುರ್ತು ಪರಿಸ್ಥಿತಿ ಬಂದ ಮೇಲೆ ಹೋಟೆಲಿನವನು ‘ಇಲ್ಲಿ ರಾಜಕೀಯ ಮಾತಾಡಬಾರದು’ ಎಂದು ರಟ್ಟಿನ ಮೇಲೆ ಬರೆಸಿ ನೇತುಹಾಕಿದ. ಗುಮಾಸ್ತನಿಗೆ ಊಟ ಬಿಡಿಸಿದಂತಾಯಿತು. ಹಾಗಾಗಿ ಅವನೂ ಸಂಗೀತದ ವಾದಕ್ಕೆ ಬಿದ್ದ, ನಮ್ಮ ವಾದಗಳು ಇನ್ನಷ್ಟು ಬಿಸಿಯಾದವು.

ಮೇಷ್ಟ್ರು ನಂಬಿದ್ದ ಮೊದಲನೆಯ ವಿಷಯ, ವಾಲ್ವ್ ಸೆಟ್ಟಿಗೂ ಟ್ರಾನ್ಸಿಸ್ಟರ್ ಸೆಟ್ಟಿಗೂ ಹೋಲಿಕೆಯೇ ಇಲ್ಲ ಎನ್ನುವುದು. ವಾಲ್ವ್ ಸೆಟ್ಟು ಅಂದರೆ ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಉರಿಯುವ ಹಳೆಯ ಕಾಲದ, ದನಿ ಹಿಗ್ಗಿಸುವ ಭಾರದ ಪೆಟ್ಟಿಗೆ. ಕರೆಂಟು ಬೇಕು, ಬಿಸಿಯಾಗುವುದಕ್ಕೆ ಹೊತ್ತು ಬೇಕು, ಗಾಡಿಯಲ್ಲಿ ಕುಲುಕಿದರೆ ಬುರುಡೆ ಒಡೆಯುತ್ತದೆ. ನಾನು ಅಷ್ಟೂ ಇಷ್ಟೂ ಕೂಡಿಸಿ ಹೊಸ ಟ್ರಾನ್ಸಿಸ್ಟರ್ ಸೆಟ್ಟು ತಂದಿದ್ದೆ. ಲಾರಿ ಬ್ಯಾಟರಿಯಲ್ಲೇ ನಡೆಯುತ್ತಿತ್ತು, ಕರೆಂಟಿಲ್ಲದ ಹಳ್ಳಿಗೂ ಹೋಗಿ ಬರುತ್ತಿತ್ತು. ನಮ್ಮ ಸೀಮೆಯಲ್ಲಿ ಅಂಥದ್ದು ನನ್ನದೇ ಮೊದಲು ಎಂದು ಹೇಳಿಕೊಂಡು ತಿರುಗುತ್ತಿದ್ದೆ.

“ಅದ್ರಾಗೆ ಜೀವ ಇಲ್ಲ ಕಣಪ್ಪ. ತಗಡಿನ ದನಿ. ವಾಲ್ವ್ ಅಂದ್ರೆ ಎದೆಗೆ ಬಂದು ತಟ್ಟುತ್ತೆ. ಎಲ್ರಿಗೂ ಗೊತ್ತಿರೋದು” ಎಂದರು ಮೇಷ್ಟ್ರು.

ಎಲ್ಲರಿಗೂ ಗೊತ್ತು ಎಂದ ಮೇಲೆ ನಾನು ಸುಮ್ಮನಿರುವುದುಂಟೆ? ಹೊಸದುರ್ಗದಲ್ಲಿ ವಾಲ್ವ್ ಸೆಟ್ಟು ಇಟ್ಟುಕೊಂಡಿದ್ದ ಒಬ್ಬರಿಂದ ಒಂದು ದಿನಕ್ಕೆ ಅದನ್ನು ಕೇಳಿ ತಂದೆ. ಎರಡೂ ಸೆಟ್ಟಿಗೆ ಗೋಣಿಚೀಲ ಹೊದಿಸಿದೆ. ಅದೇ ಪ್ಲೇಟು, ಅದೇ ಹಾರ್ನ್. ಸೆಟ್ಟು ಮಾತ್ರ ಬೇರೆ. ಮೇಷ್ಟ್ರನ್ನು ಕೂರಿಸಿ ಒಂದಾದ ಮೇಲೆ ಒಂದು ಕೇಳಿಸಿದೆ. ಅವರು ಕಣ್ಣು ಮುಚ್ಚಿ, ತಲೆದೂಗಿ, ಎರಡನೆಯದಕ್ಕೆ ತೊಡೆ ತಟ್ಟಿ, “ಇದು ನೋಡು ವಾಲ್ವು!” ಎಂದರು. ಚೀಲ ತೆಗೆದರೆ ನನ್ನ ಟ್ರಾನ್ಸಿಸ್ಟರ್ ಸೆಟ್ಟು. ಹೋಟೆಲಿನಲ್ಲಿ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮಾತ್ರ ಶಾಲು ಸರಿ ಮಾಡಿಕೊಂಡು, “ಗೋಣಿಚೀಲ ಹೊದಿಸಿದ್ರೆ ಯಾವ್ದಾದ್ರೂ ಹಂಗೇ ಕೇಳುತ್ತೆ” ಎಂದು ಎದ್ದು ಹೋದರು. ಮಾರನೆಯ ದಿನ ಮತ್ತೆ ವಾಲ್ವೇ ಸೈ ಎಂದು ಶುರು ಮಾಡಿದರು. ಕಣ್ಣೆದುರು ಸೋತರೂ ನಂಬಿಕೆ ಬಿಡದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು, ಒಳಗೊಳಗೆ ಅವರ ಬಗ್ಗೆ ಸ್ವಲ್ಪ ಮೆಚ್ಚುಗೆಯೂ ಆಯಿತು.

ಸಿನಿಮಾ ಹಾಡು ಸಂಗೀತವೇ ಅಲ್ಲ ಎನ್ನುವುದು ಅವರ ಇನ್ನೊಂದು ಮಾತು. ರೇಡಿಯೋದಲ್ಲಿ ಬರುವ ಕಛೇರಿ ಮಾತ್ರ ಸಂಗೀತವಂತೆ. ನಾನು ಅದಕ್ಕೆ ಉತ್ತರ ಹೇಳುತ್ತಿರಲಿಲ್ಲ. ಒಂದು ಪ್ಲೇಟು ಹಾಕಿ ಬೆಂಚಿನ ಕೆಳಗೆ ಬಗ್ಗಿ ನೋಡುತ್ತಿದ್ದೆ. ಮೇಷ್ಟ್ರ ಎಡಗಾಲಿನ ಹೆಬ್ಬೆರಳು ತಾಳ ಹಾಕುತ್ತಿರುತ್ತಿತ್ತು. “ಮೇಷ್ಟ್ರೆ, ನಿಮ್ಮ ಕಾಲಿಗೆ ವಿಷ್ಯ ಗೊತ್ತಾಗಿಲ್ಲ ಕಾಣುತ್ತೆ” ಎಂದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಆದರೆ ಅವರು ನನ್ನನ್ನು ಚುಚ್ಚಿದ್ದು ಮೂರನೆಯ ವಿಷಯದಲ್ಲಿ. “ಮೈಕು ಬಂದಿದ್ದೇ ಬಂದಿದ್ದು, ವಾಲಗ ಸತ್ತು ಹೋಯ್ತು. ನಿಮ್ಮಪ್ಪನ ಅನ್ನಕ್ಕೆ ನೀನೇ ಕಲ್ಲು ಹಾಕ್ತಿದೀಯ” ಎಂದರು ಒಂದು ಸೋಮವಾರ. ಸಂತೆಯ ದಿನ, ಹೋಟೆಲು ತುಂಬಿತ್ತು. ಅಪ್ಪನೂ ಸಂತೆಗೆ ಬಂದವನು ಮೂಲೆಯ ಬೆಂಚಿನಲ್ಲಿ ಕೂತು ಟೀ ಕುಡಿಯುತ್ತಿದ್ದ.

ನನಗೆ ತಲೆಗೇರಿತು. ವಾಲಗ ಸಾಯುತ್ತಿರುವುದು ಮೈಕಿನಿಂದ ಅಲ್ಲ, ಮೈಕಿನ ಮುಂದೆ ಊದುವುದಿಲ್ಲ ಎನ್ನುವ ಮೊಂಡುತನದಿಂದ ಎಂದೆ. ಚಪ್ಪರದ ಒಳಗೆ ಐವತ್ತು ಜನಕ್ಕೆ ಕೇಳುವುದು ಹಾರ್ನಿನಲ್ಲಿ ಊರಿಗೆಲ್ಲ ಕೇಳಿದರೆ ವಾಲಗಕ್ಕೆ ಮರ್ಯಾದೆ ಹೆಚ್ಚೋ ಕಮ್ಮಿಯೋ ಎಂದು ಕೇಳಿದೆ. “ನಮ್ಮಪ್ಪನಿಗೆ ಎಷ್ಟು ಸಲ ಹೇಳಿದೀನಿ, ಮೈಕ್ ಮುಂದೆ ಇಡ್ತೀನಿ ಊದು ಅಂತ. ಬ್ಯಾಡ ಅಂತಾನೆ. ಹಳೇ ಕಾಲದೋರ ಹಟ. ಇದ್ಕೆ ಮೆಶಿನ್ನು ಏನ್ ಮಾಡುತ್ತೆ?” ಎಂದು ಎಲ್ಲರ ಮುಂದೆ ಕೈ ಬೀಸಿ ಹೇಳಿದೆ. ಹೇಳುವಾಗ ಅಪ್ಪ ಕೂತಿದ್ದ ಮೂಲೆಯ ಕಡೆ ನೋಡಿದೆ ಕೂಡ.

ಅಪ್ಪ ಎದ್ದ. ಲೋಟ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, “ಬಸ್ಸಿಗೆ ಹೊತ್ತಾಯ್ತು” ಎಂದು ಹೊರಟ.

“ಹಂಗಾದ್ರೆ ಒಂದ್ಸಲ ನಿಮ್ಮಪ್ಪನ್ನ ಮೈಕ್ ಮುಂದೆ ಕುಂಡ್ರಿಸಿ ತೋರ್ಸು. ಚೆನ್ನಾಗಿ ಕೇಳಿದ್ರೆ ನಾನೇ ಒಪ್ಕಂತೀನಿ” ಎಂದರು ಮೇಷ್ಟ್ರು. ಆಯ್ತು ಎಂದೆ. ಮೇಷ್ಟ್ರ ಬಾಯಿಂದ ‘ಒಪ್ಪಿದೆ’ ಎನ್ನುವ ಮಾತು ಬರುವುದನ್ನು ನೋಡಲು ನಾನು ಏನು ಬೇಕಾದರೂ ಮಾಡುವವನಿದ್ದೆ.

ಅದೇ ಚಳಿಗಾಲದ ಕೊನೆಗೆ ಚುನಾವಣೆ ಎಂದು ರೇಡಿಯೋದಲ್ಲಿ ಹೇಳಿದರು. ಹೋಟೆಲಿನವನು ರಟ್ಟನ್ನು ತೆಗೆದು ಒಲೆಗೆ ಹಾಕಿದ. ಗುಮಾಸ್ತನ ಮುಖಕ್ಕೆ ಕಳೆ ಬಂತು. ಯಾವ ಜೀಪಿನ ಮೈಕು ಜೋರಾಗಿದೆಯೋ ಆ ಕಡೆಗೆ ಓಟು ಬೀಳುತ್ತದೆ ಎನ್ನುವುದು ಅವನ ಸಿದ್ಧಾಂತ. “ಜನ ಏನ್ ಮಾತು ಕೇಳ್ತಾರಾ? ಸದ್ದು ಕೇಳ್ತಾರೆ” ಎನ್ನುತ್ತಿದ್ದ.

ನಾನು ಒಪ್ಪಲಿಲ್ಲ. ದುರ್ಗದಲ್ಲಿ ಕೆಲಸ ಕಲಿಯುವಾಗ ಹಿರಿಯೂರು ಕಡೆಯ ಹಳ್ಳಿಗಳಿಗೆ ಪ್ರಚಾರದ ಜೀಪಿನಲ್ಲಿ ಮೈಕ್ ನೋಡಿಕೊಳ್ಳಲು ಹೋಗಿದ್ದೆ. ಬೆಳಗ್ಗೆ ಒಂದು ಪಾರ್ಟಿಯ ಜೀಪು, ಮಧ್ಯಾಹ್ನ ಅದರ ಎದುರು ಪಾರ್ಟಿಯ ಜೀಪು. ಮೈಕು ಅದೇ, ಪ್ಲೇಟು ಅದೇ. ಹಾಡು ಹಾಕಿದಾಗ ಅರಳಿಕಟ್ಟೆಯ ಸುತ್ತ ಜನ ಸೇರುತ್ತಿದ್ದರು, ಭಾಷಣ ಶುರುವಾದ ಕೂಡಲೇ ಹೆಂಗಸರು ನೀರಿಗೆ ಹೊರಡುತ್ತಿದ್ದರು, ಗಂಡಸರು ಬೀಡಿ ಹಚ್ಚಿ ತಮ್ಮ ತಮ್ಮಲ್ಲೇ ಮಾತಿಗೆ ಕೂರುತ್ತಿದ್ದರು. ಒಂದು ಊರಿನಲ್ಲಿ ಮುದುಕಿಯೊಬ್ಬಳು ಜೀಪಿನ ಹತ್ತಿರ ಬಂದು, “ಹಾಡು ಚೆಂದ ಐತಪ್ಪ, ನಡುಮಧ್ಯ ಅದ್ಯಾರೋ ಕಿರುಚ್ತಾನಲ್ಲ, ಅವ್ನನ್ನ ನಿಲ್ಸು” ಎಂದಿದ್ದಳು. ಇದನ್ನು ಹೇಳಿದರೆ ಗುಮಾಸ್ತ, “ಅದು ಹಿರಿಯೂರು. ನಮ್ಮ ಜನ ಹಂಗಲ್ಲ” ಎಂದುಬಿಟ್ಟ.

ವಾದ ಏನೇ ಇರಲಿ, ಚುನಾವಣೆ ನನಗೆ ಬೇಕಿತ್ತು. ಒಂದು ಪಾರ್ಟಿಯ ಮುಖಂಡರೊಬ್ಬರು ತಾಲ್ಲೂಕಿನ ಪ್ರಚಾರಕ್ಕೆಲ್ಲ ನನ್ನ ಸೆಟ್ಟನ್ನೇ ಹಿಡಿಯುವ ಮಾತಾಡಿದ್ದರು. ನಮ್ಮೂರ ಗೌಡರ ಮಗಳ ಮದುವೆಗೆ ಅವರೂ ಬರುವವರಿದ್ದರು. ಅಲ್ಲಿ ಸೆಟ್ಟಿನ ದನಿ ಕೇಳಿ ನೋಡಿ ಹೇಳುತ್ತೇನೆ ಎಂದರು. ಮೇಷ್ಟ್ರಿಗೂ ಮದುವೆಯ ಕರೆ ಇತ್ತು. ಗೌಡರು ಅಪ್ಪನಿಗೆ ತಾವೇ ಬಂದು ವೀಳ್ಯ ಕೊಟ್ಟಿದ್ದರು. ಎಲ್ಲ ಒಂದೇ ಚಪ್ಪರದಡಿ ಕೂಡಿ ಬಂದಿತ್ತು. ಮುಖಂಡರಿಗೆ ಸೆಟ್ಟು ತೋರಿಸಿದಂತೆಯೂ ಆಯಿತು, ಮೇಷ್ಟ್ರ ಬಾಯಿ ಮುಚ್ಚಿಸಿದಂತೆಯೂ ಆಯಿತು, ಅಪ್ಪನ ಓಲಗ ಊರಿಗೆಲ್ಲ ಕೇಳಿಸಿದಂತೆಯೂ ಆಯಿತು ಎಂದುಕೊಂಡೆ. ಅಪ್ಪನಿಗೆ ಸಂತೋಷವಾಗುತ್ತದೆ ಎಂದೇ ನಂಬಿದ್ದೆ. ಈ ಮಾತನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಅಪ್ಪನನ್ನು ಕೇಳಿದರೆ ಬೇಡ ಎನ್ನುತ್ತಾನೆ. ಅದಕ್ಕೆ ಕೇಳಲಿಲ್ಲ. ಓಲಗದವರು ಕೂರುವ ಜಾಗದ ಪಕ್ಕದ ಕಂಬಕ್ಕೆ ಬಾಳೆಕಂದು ಕಟ್ಟಿದ್ದರು. ಬೆಳಗ್ಗೆ ಯಾರೂ ಇಲ್ಲದಾಗ ಅದರ ಎಲೆಗಳ ನಡುವೆ ಮೈಕನ್ನು ಇಟ್ಟೆ. ಅಪ್ಪ ಕೂತರೆ ಅವನ ಬಾಯಿಗೂ ಮೈಕಿಗೂ ಒಂದು ಮೊಳ ಅಂತರ. ತಂತಿಯನ್ನು ಚಪ್ಪರದ ಸೋಗೆಯ ಮೇಲೆ ಎಳೆದು ಅತ್ತ ಕಡೆ ನನ್ನ ಸೆಟ್ಟಿಗೆ ತಂದೆ. ಹಾರ್ನು ಬೇವಿನ ಮರದ ಮೇಲೆ.

ಮುಹೂರ್ತಕ್ಕೆ ಸ್ವಲ್ಪ ಮುಂಚೆ ಅಪ್ಪ ಊದಲು ಶುರು ಮಾಡಿದ. ಪ್ಲೇಟು ನಿಲ್ಲಿಸಿ ಮೈಕಿನ ಸ್ವಿಚ್ಚು ಹಾಕಿದೆ. ಆ ಮೊದಲ ಸುತ್ತು ನನಗೆ ಈಗಲೂ ಕಿವಿಯಲ್ಲಿದೆ. ಮರದ ಮೇಲಿಂದ ಓಲಗದ ದನಿ ಊರ ಮೇಲೆಲ್ಲ ಹರಡಿತು. ನೀರು ಸೇದುತ್ತಿದ್ದ ಹೆಂಗಸರು ಬಾವಿಕಟ್ಟೆಯಲ್ಲಿ ನಿಂತು ಈ ಕಡೆ ನೋಡಿದರು. ಮೇಷ್ಟ್ರು ಕುರ್ಚಿಯಲ್ಲಿ ಕತ್ತೆತ್ತಿ ಮರದ ಕಡೆ ನೋಡಿದರು. ಅಪ್ಪನೂ ಬೆಚ್ಚಿ ಅತ್ತ ನೋಡಿದ, ಆದರೆ ಮುಹೂರ್ತದ ಹೊತ್ತಿಗೆ ಓಲಗ ಬಿಟ್ಟು ಏಳುವಂತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಮೇಲೆ ಗಟ್ಟಿಮೇಳ. ತಾಳಿ ಕಟ್ಟುವಾಗ ಮೂರು ಗಂಟು ಬೀಳುವ ತನಕ ಓಲಗ ನಿಲ್ಲುವಂತಿಲ್ಲ. ಬೇರೆ ಯಾವ ಸದ್ದೂ ಮದುಮಕ್ಕಳ ಕಿವಿಗೆ ಬೀಳಬಾರದು ಎಂದು ಒಂದೇ ಸಮ ಊದಬೇಕು. ಅಪ್ಪ ಊದಿದ. ಹಾರ್ನಿನಲ್ಲಿ ಓಲಗದ ಬೆನ್ನಿಗೇ ಇನ್ನೊಂದು ಸದ್ದು ಬಂತು. ಸೊಂಯ್ ಎಂದು ಎಳೆದು, ನಿಂತು, ಮತ್ತೆ ಸೊಂಯ್.

ಸೆಟ್ಟು ಕೆಟ್ಟಿತು ಎಂದುಕೊಂಡೆ. ರಿಪೇರಿಯವನ ಬುದ್ಧಿ ಬೇರೆ ಕಡೆ ಹೋಗುವುದಿಲ್ಲ. ಬ್ಯಾಟರಿಯ ಕ್ಲಿಪ್ಪು ಅಲುಗಾಡಿಸಿದೆ, ಸದ್ದು ಹೋಗಲಿಲ್ಲ. ಹಾರ್ನಿನ ತಂತಿ ಬಿಗಿ ಮಾಡಿದೆ, ಹೋಗಲಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹಿಡಿಯಬೇಕಾದರೆ ಅದನ್ನು ದೊಡ್ಡದು ಮಾಡಿ ಕೇಳಬೇಕು. ದುರ್ಗದಲ್ಲಿ ನನಗೆ ಕಲಿಸಿದ್ದೇ ಹಾಗೆ. ವಾಲ್ಯೂಮನ್ನು ಪೂರ್ತಿ ತಿರುಗಿಸಿದೆ.

ಸೊಂಯ್ ಎನ್ನುವುದು ಊರಿಗೆಲ್ಲ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮದುಮಗಳು ತಲೆ ಎತ್ತಿ ನೋಡಿದಳು. ಪಾರ್ಟಿಯ ಮುಖಂಡರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ನಾನು ಸಿಟ್ಟಿನಿಂದ ಮೈಕಿನ ತಂತಿಯ ಜಾಡು ಹಿಡಿದು, ಎಲ್ಲಿ ಕಡಿದಿದೆ ಎಂದು ನೋಡುತ್ತಾ, ಜನರ ನಡುವೆ ನುಗ್ಗಿಕೊಂಡು ಚಪ್ಪರದ ಆ ತುದಿಗೆ ಹೋದೆ. ತಂತಿ ಎಲ್ಲೂ ಕಡಿದಿರಲಿಲ್ಲ. ಅದರ ಕೊನೆಯಲ್ಲಿ ಅಪ್ಪನ ಮುಖ ಇತ್ತು. ಕೊರಳಿನ ನರ ಉಬ್ಬಿ, ಕಣ್ಣು ಕೆಂಪಾಗಿ, ಎರಡು ಸ್ವರದ ನಡುವೆ ಗಾಳಿಗೆ ಬಾಯಿ ತೆರೆಯುತ್ತಿದ್ದ. ಆ ಸದ್ದು ಅವನ ಎದೆಯಿಂದ ಬರುತ್ತಿತ್ತು.

ಚಿಕ್ಕಪ್ಪ ಅಷ್ಟರಲ್ಲಿ ಎಲೆಗಳ ನಡುವಿನ ಮೈಕನ್ನು ಕಂಡುಹಿಡಿದಿದ್ದ. ಡೋಲು ಎತ್ತಿ ತಂದು ಮೈಕಿಗೆ ಅಂಟಿಸಿಕೊಂಡಂತೆ ನಿಂತು ಬಾರಿಸಿದ. ಹಾರ್ನಿನಲ್ಲಿ ಡೋಲಿನ ಹೊರತು ಇನ್ನೇನೂ ಉಳಿಯಲಿಲ್ಲ. ನಾನು ಮೈಕಿನ ಪಿನ್ನು ಕಿತ್ತೆ. ಮೂರನೆಯ ಗಂಟು ಬಿತ್ತು. ಅಪ್ಪ ಕೊನೆಯ ತನಕ ನಿಲ್ಲಿಸಿರಲಿಲ್ಲ.

ಊಟಕ್ಕೆ ಎಲೆ ಹಾಕುವಾಗ ಚಿಕ್ಕಪ್ಪ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದ. “ಮೂರು ವರ್ಷದಿಂದ ನಿಮ್ಮಪ್ಪನಿಗೆ ದಮ್ಮು ಐತೆ. ಮೂರು ವರ್ಷದಿಂದ ಕಾಪಾಡ್ಕಂಡು ಬಂದಿದ್ವಿ. ಒಂದ್ ಗಳಿಗೆಯಾಗೆ ಊರಿಗೆಲ್ಲ ಸಾರಿಬಿಟ್ಟೆಲ್ಲೋ. ಇನ್ ಮ್ಯಾಲೆ ನಮ್ಮನೆಗೆ ಯಾರು ವೀಳ್ಯ ತರ್ತಾರೆ ಹೇಳು?” ಎಂದ. ಅವನು ಕೂಗಾಡಿದ್ದರೆ ವಾಸಿಯಾಗಿತ್ತು, ಮೆತ್ತಗೆ ಹೇಳಿದ.

ಚಪ್ಪರಕ್ಕೆ ಬಂದರೆ ಗೌಡರು, ಪಾರ್ಟಿಯ ಮುಖಂಡರು, ಮೇಷ್ಟ್ರು ಮೂವರೂ ನನ್ನನ್ನೇ ಕಾಯುತ್ತಿದ್ದರು. ಅಪ್ಪ ನಾಲ್ಕು ಮಾರು ದೂರದಲ್ಲಿ ನಮ್ಮ ಕಡೆ ಬೆನ್ನು ಮಾಡಿ ಓಲಗವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

“ಅದೇನಪ್ಪ ಅದು ಸದ್ದು?” ಎಂದರು ಮುಖಂಡರು.

ಅಪ್ಪನ ಕೈ ಒರೆಸುವುದನ್ನು ನಿಲ್ಲಿಸಿತು. ನನ್ನ ಸೆಟ್ಟಿನಲ್ಲಿ ದೋಷವಿದೆ ಎಂದು ನಾನು ಅದುವರೆಗೆ ಯಾರ ಮುಂದೆಯೂ ಒಪ್ಪಿದವನಲ್ಲ. ಪಕ್ಕದಲ್ಲಿ ಮೇಷ್ಟ್ರು ಬೇರೆ ನಿಂತಿದ್ದರು. ಸೆಟ್ಟಿನದು ಎಂದರೆ ತಾಲ್ಲೂಕಿನ ಪ್ರಚಾರ ಕೈಬಿಟ್ಟು ಹೋಗುತ್ತದೆ ಎಂದೂ ಗೊತ್ತಿತ್ತು.

“ಸೆಟ್ಟು ಕೆಟ್ಟೈತೆ ಸ್ವಾಮಿ. ಈ ಟ್ರಾನ್ಸಿಸ್ಟರ್ ಸೆಟ್ಟೇ ಹಿಂಗೆ, ಬಿಸಿ ಆದ್ರೆ ಸೊಂಯ್ ಅಂತಾವೆ” ಎಂದೆ. ಸಾಲದು ಅನಿಸಿತು. ಮೇಷ್ಟ್ರ ಕಡೆ ತಿರುಗಿ, “ನೀವು ಹೇಳಿದ್ದೇ ಸರಿ ಮೇಷ್ಟ್ರೆ. ವಾಲ್ವ್ ಸೆಟ್ಟಿನಂಗೆ ಆಗಲ್ಲ” ಎಂದೂ ಹೇಳಿದೆ.

ಮೇಷ್ಟ್ರ ಮುಖ ಅರಳಿದ್ದನ್ನು ಏನೆಂದು ಹೇಳಲಿ. “ನಾನು ಯಾವಾಗ್ಲೋ ಹೇಳಿದ್ದೆ!” ಎಂದು ಸುತ್ತ ಇದ್ದವರಿಗೆಲ್ಲ ಕೇಳುವಂತೆ ಹೇಳಿದರು. ಗೋಣಿಚೀಲದ ದಿನದ ಸೋಲನ್ನು ಬಡ್ಡಿ ಸಮೇತ ತೀರಿಸಿಕೊಂಡರು. ಗೌಡರು ನನ್ನ ಮುಖವನ್ನೊಮ್ಮೆ ನೋಡಿ ಊಟಕ್ಕೆ ಎದ್ದರು. ಅಪ್ಪ ಮತ್ತೆ ಒರೆಸತೊಡಗಿದ.

ಮುಖಂಡರು ಹೊಸದುರ್ಗದ ವಾಲ್ವ್ ಸೆಟ್ಟನ್ನು ಹಿಡಿದರು. ಆ ಚುನಾವಣೆಯಲ್ಲಿ ನಾನು ಅಂಗಡಿಯಲ್ಲಿ ಕೂತು ಅವರ ಜೀಪು ಕರೆಂಟಿಗೊಂದು ಜನರೇಟರು, ಎರಡೆರಡು ಹಾರ್ನು ಕಟ್ಟಿಕೊಂಡು ಓಡಾಡುವುದನ್ನು ನೋಡಿದೆ. ಇಡೀ ತಾಲ್ಲೂಕಿನಲ್ಲಿ ಅವರದೇ ಸದ್ದು ಜೋರು, ಸೋತಿದ್ದೂ ಅವರೇ. ಗುಮಾಸ್ತನನ್ನು ಕೇಳಿದರೆ, “ಹಾರ್ನು ಕಟ್ಟಿದ್ದು ಸರಿ ಇರ್ಲಿಲ್ಲ, ಹೊಲದ ಕಡೀಕೆ ಮುಖ ಮಾಡಿತ್ತು” ಎಂದ. ಬೇರೆ ಸಮಯವಾಗಿದ್ದರೆ ಒಂದು ವಾರಕ್ಕಾಗುವಷ್ಟು ವಾದ ನನಗೆ ಅದರಲ್ಲಿ ಸಿಗುತ್ತಿತ್ತು. ನಕ್ಕು ಸುಮ್ಮನಾದೆ.

ಟ್ರಾನ್ಸಿಸ್ಟರ್ ಸೆಟ್ಟು ಬಿಸಿಯಾದರೆ ಸೊಂಯ್ ಎನ್ನುತ್ತದೆ ಎನ್ನುವುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವಾಯಿತು. ಅಂಗಡಿಗೆ ಬಂದವರು ನನಗೇ ಅದನ್ನು ವಿವರಿಸಿ ಹೇಳುತ್ತಿದ್ದರು. ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ. ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಕೂರುತ್ತಿದ್ದೆ. ಅಪ್ಪನ ಜೊತೆ ಈ ಬಗ್ಗೆ ಮಾತೇ ಆಗಲಿಲ್ಲ. ವಾರಕ್ಕೊಮ್ಮೆ ಊರಿಗೆ ಹೋದಾಗ ದುರ್ಗದಿಂದ ತರಿಸಿದ ಔಷಧಿಯ ಶೀಶೆಯನ್ನು ಗೂಡಿನಲ್ಲಿ ಇಡುತ್ತಿದ್ದೆ, ಮುಂದಿನ ವಾರ ಅದು ಖಾಲಿಯಾಗಿರುತ್ತಿತ್ತು. ಅವನ ಚಿಂತೆ ಮಾತ್ರ ಕಣ್ಣಿಗೆ ಕಾಣುತ್ತಿತ್ತು. ಮುಂದಿನ ಮದುವೆಗಳ ಕಾಲ ಹತ್ತಿರ ಬಂದಂತೆ, ಬೀದಿಯಲ್ಲಿ ಯಾರೇ ಹೋದರೂ ತಲೆ ಎತ್ತಿ ನೋಡುತ್ತಿದ್ದ. ಅವರು ಮುಂದೆ ಹೋದರೆ ತಲೆ ತಗ್ಗಿಸುತ್ತಿದ್ದ.

ಅಷ್ಟರಲ್ಲಿ ಗೌಡರು ರೇಡಿಯೋ ಕೆಟ್ಟಿದೆ ಎಂದು ಹೇಳಿ ಕಳಿಸಿದರು. ಹೋದೆ. ಬಿಚ್ಚಿ ನೋಡಿದರೆ ಸೆಲ್ಲು ಹಾಕುವ ಕಡೆ ತುಕ್ಕು ಹಿಡಿದಿತ್ತು, ಅಷ್ಟೆ. ಕೆರೆದು ಕೊಟ್ಟೆ. ಗೌಡರು ರೇಡಿಯೋ ಪಕ್ಕಕ್ಕೆ ಸರಿಸಿದರು.

“ನಿನ್ನ ಸೆಟ್ಟು ಅವತ್ತು ಕೆಟ್ಟಿರ್ಲಿಲ್ಲ ಬಿಡು” ಎಂದರು.

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು. “ಮುಂದಿನ ಸಾಲಿನಾಗೆ ಕುಂತೋರಿಗೆ ಕಿವಿ ಇಲ್ವೇನಪ್ಪ? ಮೂರು ವರ್ಷದಿಂದ ಕೇಳ್ತಾ ಇದೀವಿ. ಡೋಲು ಎಲ್ಲಿ ಜೋರಾಗುತ್ತೆ, ಯಾಕೆ ಜೋರಾಗುತ್ತೆ ಅಂತ ನಮ್ಮನೆ ಹೆಂಗಸರಿಗೂ ಗೊತ್ತೈತೆ. ಏಳೂರಿನೋರು ಒಂದ್ಸಲ ಮಾತಾಡ್ಕಂಡ್ವಿ. ನನ್ನ ಮದ್ವೆಗೆ ಊದಿದೋನು ಅವ್ನು. ಊದೋ ತನಕ ಅವ್ನೇ ಊದ್ಲಿ, ವೀಳ್ಯ ಆ ಮನೆಗೇ ಹೋಗ್ಲಿ ಅಂದ್ವಿ. ನಾಳೆ ನಮ್ಮ ತಮ್ಮನ ಮನೇರು ಬರ್ತಾರೆ ವೀಳ್ಯ ತಗಂಡು.”

ಅವರ ಕಾಲು ಮುಟ್ಟಿ ಎದ್ದು ಬಂದೆ.

ಗೌಡರ ಮನೆಯಿಂದ ನಮ್ಮ ಮನೆಗೆ ನೂರು ಹೆಜ್ಜೆ. ಆ ನೂರು ಹೆಜ್ಜೆಯಲ್ಲಿ ನಾನು ಓಡಿದೆ ಎಂದೇ ಹೇಳಬೇಕು. ಊರಿಗೆ ತಿಳಿದರೆ ವೀಳ್ಯ ಹೋಗುತ್ತದೆ ಎಂದು ಮೂರು ವರ್ಷ ಹೆದರಿದನಲ್ಲ ಅಪ್ಪ, ಅದು ಸುಳ್ಳು ಎಂದು ಹೇಳಲು ನನ್ನ ಬಾಯಿ ತುದಿಗಾಲಲ್ಲಿ ನಿಂತಿತ್ತು. ಎಲ್ಲರೂ ನಂಬಿದ್ದನ್ನು ಒಡೆಯುವುದಕ್ಕೇ ಹುಟ್ಟಿದವನಂತೆ ತಿರುಗುತ್ತಿದ್ದೆ. ಒಡೆಯಲು ಯೋಗ್ಯವಾದ ನಂಬಿಕೆ ಕೊನೆಗೂ ಸಿಕ್ಕಿತ್ತು, ಅದೂ ನನ್ನ ಮನೆಯಲ್ಲೇ. ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಓಲಗದ ದನಿ ಕೇಳಿತು. ಅಪ್ಪ ಬಾಗಿಲು ಅರೆ ಮುಚ್ಚಿಕೊಂಡು, ಒಂದೇ ಸ್ವರವನ್ನು ಎಷ್ಟು ಹೊತ್ತು ಎಳೆಯಲು ಆಗುತ್ತದೆ ಎಂದು ನೋಡುತ್ತಿದ್ದ. ಎಳೆಯುತ್ತಿದ್ದ, ಕಡಿಯುತ್ತಿತ್ತು, ಮತ್ತೆ ಮೊದಲಿಂದ ಎಳೆಯುತ್ತಿದ್ದ. ನನ್ನ ಕಾಲು ಹೊಸ್ತಿಲಿನ ಹೊರಗೇ ನಿಂತಿತು. ಇವನಿಗೆ ಏನೆಂದು ಹೇಳಲಿ? ನೀನು ಚೆನ್ನಾಗಿ ಊದುತ್ತೀಯ ಎಂದು ಕರೆಯುತ್ತಿಲ್ಲ, ಪಾಪ ಎಂದು ಕರೆಯುತ್ತಿದ್ದಾರೆ ಎಂದೇ? ಗೌಡರು ಆಡಿದ್ದು ಕರುಣೆಯ ಮಾತಲ್ಲ, ನನಗೆ ಗೊತ್ತು. ಆದರೆ ನನ್ನ ಬಾಯಿಂದ ಬಂದರೆ ಅದು ಹಾಗೆಯೇ ಕೇಳುತ್ತಿತ್ತು.

ಬಾಗಿಲು ತಳ್ಳಿದೆ. ಅಪ್ಪ ಓಲಗವನ್ನು ಮಡಿಲಿಗೆ ಇಳಿಸಿದ. ಸ್ವಲ್ಪ ಹೊತ್ತು ಉಸಿರು ಸರಿ ಮಾಡಿಕೊಂಡ.

“ಗೌಡ್ರು ಕರೆಸಿದ್ರಂತೆ. ಏನಂದ್ರು?” ಎಂದ.

“ನಾಳೆ ಅವರ ತಮ್ಮನ ಮನೇರು ವೀಳ್ಯ ತರ್ತಾರಂತೆ” ಎಂದೆ.

“ಅದಲ್ಲ. ಅವತ್ತಿನ ಸದ್ದಿನ ವಿಷ್ಯ ಏನಾದ್ರೂ ಅಂದ್ರಾ?”

“ಅಂದ್ರು. ಸೆಟ್ಟು ರಿಪೇರಿ ಮಾಡಿಸ್ಕಾ ಅಂದ್ರು.”

ಅಪ್ಪ ನನ್ನ ಮುಖವನ್ನೇ ನೋಡಿದ. ಸೆಟ್ಟು ಕೆಟ್ಟಿಲ್ಲ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವನು ಅವನು. ನಾನು ಕಣ್ಣು ತಗ್ಗಿಸಲಿಲ್ಲ. ನಿಧಾನಕ್ಕೆ ಅವನ ಹೆಗಲು ಇಳಿಯಿತು, ಗೋಡೆಗೆ ಒರಗಿದ.

“ಮಾಡಿಸ್ಕಾ ಮತ್ತೆ. ಕೆಟ್ಟ ಸೆಟ್ಟು ಇಟ್ಕಂಡು ನಾಲ್ಕು ಜನದ ಮುಂದೆ ಹೋಗ್ಬಾರ್ದು” ಎಂದ.

“ಆಯ್ತಪ್ಪ” ಎಂದೆ.